ನೆಮ್ಮದಿಗೂ ಆರೋಗ್ಯಕ್ಕೂ ನಂಟಿದೆಯೇ? ಪತ್ತೆ ಹಚ್ಚುವುದು ಹೀಗೆ

ಮನಸ್ಸಿಗೆ ನೆಮ್ಮದಿ ಇದ್ದರೆ ಮೈಯೂ ಚೆನ್ನಾಗಿರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದನ್ನು ಪರೀಕ್ಷಿಸಿ ನೋಡುವುದು ಮಾತ್ರ ಕಷ್ಟ. ಒಮ್ಮೆ ಪ್ರಶ್ನೆ ಕೇಳಿ, ಒಮ್ಮೆ ರಕ್ತ ತೆಗೆದರೆ ಸಾಲದು. ನೆಮ್ಮದಿಯಿಂದ ಆರೋಗ್ಯ ಬಂತೋ, ಆರೋಗ್ಯ ಇದ್ದುದರಿಂದ ನೆಮ್ಮದಿ ಮೂಡಿತೋ ಗೊತ್ತಾಗುವುದಿಲ್ಲ. ಅದೇ ಜನರನ್ನು ವರ್ಷಗಟ್ಟಲೆ ಗಮನಿಸಿದಾಗಲಷ್ಟೇ ಹಿಂದುಮುಂದು ತಿಳಿಯುತ್ತದೆ.

ಅಮೆರಿಕದ ‘ಮೈಡಸ್’ ಅಧ್ಯಯನ ಇದನ್ನೇ ಮಾಡುತ್ತಿದೆ. 1995ರಲ್ಲಿ ಶುರುವಾದಾಗ ಅದರಲ್ಲಿ 25ರಿಂದ 74 ವರ್ಷದ 7,000ಕ್ಕೂ ಹೆಚ್ಚು ಮಂದಿ ಇದ್ದರು. ಸುಮಾರು ಹತ್ತು ವರ್ಷದ ನಂತರ, ಆಮೇಲೆ ಮತ್ತೆ 2013ರಲ್ಲಿ ಅವರನ್ನೇ ಹುಡುಕಿ ಮಾತಾಡಿಸಿದರು.

ಕೇಳುವುದೇನು?

‘ಸಂತೋಷವಾಗಿದ್ದೀರಾ?’ ಎಂದಷ್ಟೇ ಅಲ್ಲ. ಮನಶ್ಶಾಸ್ತ್ರಜ್ಞೆ ಕ್ಯಾರಲ್ ರಿಫ್ 1989ರಲ್ಲಿ ನೆಮ್ಮದಿಯನ್ನು ಆರು ಭಾಗ ಮಾಡಿದರು: ಸ್ವಂತ ನಿರ್ಧಾರ, ದಿನದ ಬದುಕಿನ ಮೇಲೆ ಹಿಡಿತ, ಬೆಳೆಯುವ ಹಂಬಲ, ಆತ್ಮೀಯ ಸಂಬಂಧ, ಬದುಕಿಗೊಂದು ಗುರಿ, ತನ್ನನ್ನು ತಾನು ಒಪ್ಪಿಕೊಳ್ಳುವುದು. ಒಂದೊಂದಕ್ಕೂ ಬೇರೆ ಬೇರೆ ಅಂಕ.

ಅಳೆಯುವುದೇನು?

ಕೆಲವರಿಗೆ ಎಂಟು ಸಂಜೆ ಫೋನ್ ಮಾಡಿ ಆ ದಿನದ ಕಿರಿಕಿರಿಗಳನ್ನು ವಿಚಾರಿಸುತ್ತಾರೆ. ಅದರಲ್ಲಿ ನಾಲ್ಕು ದಿನ ಅವರು ಮನೆಯಲ್ಲೇ ಜೊಲ್ಲಿನ ಮಾದರಿ ತೆಗೆದಿಡಬೇಕು: ಎದ್ದ ಕೂಡಲೇ, ಅರ್ಧ ಗಂಟೆ ಬಿಟ್ಟು, ಮಧ್ಯಾಹ್ನದ ಊಟಕ್ಕೆ ಮುಂಚೆ, ಮಲಗುವಾಗ. ಕಾರ್ಟಿಸೋಲ್ ಎಂಬ ಹಾರ್ಮೋನು ಎದ್ದ ಸ್ವಲ್ಪ ಹೊತ್ತಿಗೆ ಏರಿ, ರಾತ್ರಿಯವರೆಗೆ ಇಳಿಯಬೇಕು. ಒತ್ತಡದ ಬದುಕಿನಲ್ಲಿ ಈ ಏರಿಳಿತ ಹದ ತಪ್ಪಬಹುದು. ಇನ್ನು ಕೆಲವರು ಒಂದು ರಾತ್ರಿ ಸಂಶೋಧನಾ ಕೇಂದ್ರದಲ್ಲಿ ಉಳಿಯುತ್ತಾರೆ. ಅವರ ರಕ್ತದಲ್ಲಿ ಉರಿಯೂತದ ಗುರುತುಗಳನ್ನು ಹುಡುಕುತ್ತಾರೆ.

ಕಂಡದ್ದೇನು?

ಈ ಮಾಹಿತಿ ಆಧರಿಸಿದ 2014ರ ವಿಶ್ಲೇಷಣೆಯೊಂದರ ಪ್ರಕಾರ, ಬದುಕಿಗೊಂದು ಗುರಿ ಇದೆ ಎಂದವರಲ್ಲಿ ಮುಂದಿನ 14 ವರ್ಷಗಳಲ್ಲಿ ಸಾವಿನ ಸಂಭವ ಕಡಿಮೆಯಿತ್ತು. ಇದು ಕಿರಿಯರಿಗೂ ಹಿರಿಯರಿಗೂ ಅನ್ವಯಿಸಿತು. ಹಾಗೆಂದು ಗುರಿಯೇ ಆಯುಸ್ಸು ಹೆಚ್ಚಿಸಿತು ಎನ್ನಲಾಗದು. ಒಳಗೇ ಅವಿತಿದ್ದ ಕಾಯಿಲೆ ಮೊದಲು ಉತ್ಸಾಹವನ್ನು ಕುಗ್ಗಿಸಿರಬಹುದು. ಹಣ, ಓದು, ಧೂಮಪಾನದಂಥವು ಎರಡರ ಮೇಲೂ ಪರಿಣಾಮ ಬೀರಿರಬಹುದು. ಕಾಯಿಲೆ ಬಿದ್ದವರು ನಡುವೆಯೇ ಬಿಟ್ಟುಹೋಗುವುದರಿಂದ ಉಳಿದವರ ಲೆಕ್ಕ ಹೆಚ್ಚು ಹಿತವಾಗಿ ಕಾಣುವ ಅಪಾಯವೂ ಇದೆ.

ಆದ್ದರಿಂದ ಇಂಥ ಸುದ್ದಿ ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ವರ್ಷ ಗಮನಿಸಿದರು? ಆರಂಭದ ಆರೋಗ್ಯವನ್ನು ಲೆಕ್ಕಕ್ಕೆ ಹಿಡಿದರೇ? ಬಿಟ್ಟುಹೋದವರು ಯಾರು? ಇವಕ್ಕೆ ಉತ್ತರವಿಲ್ಲದೆ, ಕಾಯಿಲೆಯಿಂದ ನರಳುವವರಿಗೆ ‘ಖುಷಿಯಾಗಿರಿ, ವಾಸಿಯಾಗುತ್ತದೆ’ ಎನ್ನುವುದು ಅನ್ಯಾಯ. ಅವರಿಗೆ ಚಿಕಿತ್ಸೆಯೂ ಬೇಕು, ಜೊತೆಗೆ ನಿಲ್ಲುವ ಜನರೂ ಬೇಕು.