ಟ್ರಂಕಿನಲ್ಲಿ ಉಳಿದ ಅರ್ಧ ಕೆಲಸಗಳು

ನಮ್ಮ ನಿಮ್ಮೆಲ್ಲರ ಮನೆಗಳಲ್ಲಿ ಮಾಳಿಗೆಯ ಮೇಲೋ ಮಂಚದ ಕೆಳಗೋ ಒಂದು ಟ್ರಂಕು ಇದ್ದೇ ಇರುವದು. ಅದರೊಳಗೆ ಏನಿದೆಯೆಂಬುದು ಮನೆಯ ಗಂಡಸರಿಗೆ ಗೊತ್ತಿರುವದಿಲ್ಲ. ನಮಗೆ ಗೊತ್ತಿದ್ದರೂ ನಾವು ಹೇಳುವದಿಲ್ಲ. ಕಳೆದ ನವರಾತ್ರಿಯ ಮುಂಚೆ ಧೂಳು ಹೊಡೆಯುವ ಗಡಿಬಿಡಿಯಲ್ಲಿ ಡೊಂಬಿವಲಿಯ ನಮ್ಮ ಮನೆಯ ಟ್ರಂಕನ್ನು ಕೆಳಗಿಳಿಸಿ ತೆರೆದೆವು. ಒಂದೇ ತೋಳಿನ ನೀಲಿ ಸ್ವೆಟರು, ತಟ್ಟೆಯಷ್ಟು ಅಗಲಕ್ಕೆ ಬಂದು ನಿಂತುಹೋದ ಕ್ರೋಶಾದ ಮೇಜುಹಾಸು, ಮುಕ್ಕಾಲು ಹೊಲಿದ ಕೌದಿ, ಎಲ್ಲಕ್ಕೂ ಕೆಳಗೆ ಹಳೆಯ ಧೋತರದಲ್ಲಿ ಸುತ್ತಿಟ್ಟ ಒಂದು ಕರಿಯ ಇಳಕಲ್ ಸೀರೆ. ಮೊದಲ ಮೂರು ನಮ್ಮ ಅಪರಾಧಗಳು. ಸೀರೆಯ ಮೇಲಿನ ಕಸೂತಿ ಮಾತ್ರ ನಮ್ಮ ಅತ್ತೆಯವರದು. ಸೂಜಿ ಇನ್ನೂ ಅದರಲ್ಲಿಯೇ ಚುಚ್ಚಿಕೊಂಡಿತ್ತು. ತುಕ್ಕು ಹಿಡಿದು ಸುತ್ತಲೂ ಕಂದು ಕಲೆಯಾಗಿತ್ತು.

ಸ್ವೆಟರಿನ ಕಥೆ ಚಿಕ್ಕದು. ಮಗ ಬಾಲವಾಡಿಗೆ ಹೋಗುವಾಗ ಹಿಡಿದದ್ದು. ಬೆನ್ನು ಆಯಿತು, ಎದೆ ಆಯಿತು, ಒಂದು ತೋಳೂ ಆಯಿತು. ಅಷ್ಟರಲ್ಲಿ ಮಾವನವರ ಕಾಯಿಲೆ, ಊರಿನಿಂದ ಬಂದವರ ಉಪಚಾರ, ಮಗಳ ದಡಾರ. ಮುಂದಿನ ವರ್ಷ ಕೈಗೆತ್ತಿಕೊಂಡು ಮಗನ ಬೆನ್ನಿಗೆ ಹಿಡಿದು ನೋಡಿದರೆ ಹುಡುಗ ನಾಲ್ಕು ಬೆರಳು ಬೆಳೆದಿದ್ದ. ಆ ಮಗನಿಗೆ ಈಗ ಇಪ್ಪತ್ತೇಳು. ಹೆಣಿಗೆ ಬಲ್ಲವರೆಲ್ಲ ಒಪ್ಪುವ ಮಾತೆಂದರೆ, ಸ್ವೆಟರಿನಲ್ಲಿ ಅತ್ಯಂತ ಕಠಿಣವಾದದ್ದು ಎರಡನೆಯ ತೋಳು. ಮೊದಲನೆಯದರಲ್ಲಿ ಹುರುಪು ಇರುವದು. ಎರಡನೆಯದರಲ್ಲಿ ಹೊಸದಾಗಿ ಕಲಿಯುವದೇನೂ ಇಲ್ಲ, ಹಿಂದೆ ಮಾಡಿದ್ದನ್ನೇ ಲೆಕ್ಕ ತಪ್ಪದೆ ಮತ್ತೆ ಮಾಡಬೇಕು. ಅದರ ಮೇಲೆ ನಮ್ಮ ಈ ಠಾಣೆ-ಕಲ್ಯಾಣದ ಹವೆ. (ಕಲ್ಯಾಣವೆಂದರೆ ಬಸವಣ್ಣನವರ ಕಲ್ಯಾಣವಲ್ಲ, ರೈಲು ಕವಲೊಡೆಯುವ ಕಲ್ಯಾಣ.) ಪುಷ್ಯಮಾಸದ ನಾಲ್ಕು ಮುಂಜಾವು ಬಿಟ್ಟರೆ ಉಣ್ಣೆ ಬೇಕಾಗುವ ಚಳಿ ಇಲ್ಲಿಲ್ಲ. ಮಳೆಗಾಲದಲ್ಲಿ ಉಣ್ಣೆಗೆ ಮುಗ್ಗಲು ವಾಸನೆ, ಉಕ್ಕಿನ ಕಡ್ಡಿಗಳಿಗೆ ತುಕ್ಕು. ಆದರೂ ನಮ್ಮ ಹೆಂಗಸರು ಹೆಣೆಯುವದನ್ನು ಬಿಟ್ಟಿಲ್ಲ. ಯಾಕಂದರೆ ಕುಲಾವಿ ಹೋಗುವದು ಬೆಳಗಾವಿಯ ಮೊಮ್ಮಗುವಿಗೆ, ಮಫ್ಲರು ಹೋಗುವದು ಧಾರವಾಡದ ಅಣ್ಣನಿಗೆ. ನಮ್ಮ ಚಳಿಗಾಲ ಊರಲ್ಲಿದೆ, ನಾವು ಇಲ್ಲಿದ್ದೇವೆ.

ಹೊತ್ತು ಎಲ್ಲಿಂದ ಬರಬೇಕು? ಎಂದು ಕೇಳುವಿರಿ. ಗಾಡಿಯಿಂದ ಬರಬೇಕು. 1853 ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಂದಿತು, ಮರುವರ್ಷ ಕಲ್ಯಾಣದವರೆಗೆ ಹಳಿ ಹರಿಯಿತು. ಅಂದು ಹಳಿ ಹಾಕಿದವರಿಗೆ ಇದೊಂದು ಹೆಣಿಗೆಯ ಶಾಲೆಯಾಗುವದೆಂದು ಎಲ್ಲಿ ಹೊಳೆದಿದ್ದೀತು! ಡೊಂಬಿವಲಿಯಿಂದ ಮುಂಬಯಿಗೆ ಒಂದು ಗಂಟೆಗಿಂತ ಮೇಲಿನ ಹಾದಿ. ಹೆಂಗಸರ ಡಬ್ಬಿಯಲ್ಲಿ ಮೆಂತ್ಯೆಸೊಪ್ಪು ಸೋಸುವವರು, ಬಟಾಣಿ ಸುಲಿಯುವವರು, ಸ್ತೋತ್ರ ಹೇಳುವವರು, ಅವರ ನಡುವೆ ಕ್ರೋಶಾದ ಒಂದೇ ಸೂಜಿ ಆಡಿಸುವವರು. ಎರಡು ಕಡ್ಡಿಯ ಹೆಣಿಗೆಗೆ ಗಾಡಿ ಸರಿಯಲ್ಲ. ಮೂವರ ಬೆಂಚಿನ ತುದಿಗೆ ನಾಲ್ಕನೆಯವರಾಗಿ ಅರ್ಧ ಕೂತವರ ಮೊಣಕೈ ಆಡಿದರೆ ಪಕ್ಕದವರ ಪಕ್ಕೆಗೇ ಹೋಗುವದು. ಕ್ರೋಶಾಕ್ಕೆ ಅಂಗೈಯಗಲ ಜಾಗ ಸಾಕು. ಅಲ್ಲದೆ ಅಲ್ಲಿ ಕೈಯಲ್ಲಿರುವ ಕುಣಿಕೆ ಒಂದೇ; ದಾದರಿನ ನೂಕುನುಗ್ಗಲಿನಲ್ಲಿ ಸೂಜಿ ಕಳಚಿದರೂ ಹತ್ತು ಸಾಲು ಬಿಚ್ಚಿಕೊಳ್ಳುವದಿಲ್ಲ. ನಮ್ಮ ಮೇಜುಹಾಸು ತಟ್ಟೆಯಷ್ಟಾಗಿದ್ದು ಗಾಡಿಯಲ್ಲಿಯೇ. ನೌಕರಿ ಬಿಟ್ಟ ದಿನ ಅದೂ ನಿಂತಿತು. ಮನೆಯಲ್ಲಿದ್ದರೆ ಹೊತ್ತು ಸಿಗುವದೆಂದು ಭಾವಿಸಿದ್ದೆವು. ಮನೆಯಲ್ಲಿ ಯಾರೂ ನಮ್ಮನ್ನು ಒಂದು ಗಂಟೆ ಬಿಡದೆ ಕೂಡ್ರಿಸುವದಿಲ್ಲವೆಂಬುದು ಆಮೇಲೆ ತಿಳಿಯಿತು.

ನೇಕಾರರ ಮನೆಯ ಮಾತು ಬೇರೆ. ಆ ಕರಿಯ ಸೀರೆಯನ್ನೇ ನೋಡಿರಿ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಶಿಮೆಯದು. ಈ ಎರಡು ಹಾಸುಗಳ ಎಳೆ ಎಳೆಗೂ ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸುವ ಪದ್ಧತಿಗೆ ಟೋಪ ತೆನಿ ಎನ್ನುವರು. ಅಂಥ ಸೆರಗು ಬೇಕಾದರೆ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಹೂಡಬೇಕು. ಮಗ್ಗ ಇರುವದು ಮನೆಯೊಳಗೆ, ನೆಲದ ಕುಣಿಯಲ್ಲಿ. ಪಕ್ಕದಲ್ಲಿಯೇ ಒಲೆ, ತೊಟ್ಟಿಲು. ನೂಲು ಸುತ್ತುವದು, ಕಂಡಿಕೆ ತುಂಬುವದು ಹೆಚ್ಚಾಗಿ ಹೆಂಗಸರ ಪಾಲು. 2019-20 ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ನೇಕಾರರು ಮತ್ತು ಸಹಕೆಲಸಗಾರರು ಕೂಡಿ ಸುಮಾರು 35 ಲಕ್ಷವೆಂದು ಎಣಿಕೆಯಾಯಿತು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಹೆಂಗಸರು. ಅವರ ಸಂಸಾರದಲ್ಲಿಯೂ ಜ್ವರ, ಪರೀಕ್ಷೆ, ನೆಂಟರು ಎಲ್ಲವೂ ಉಂಟು. ಆದರೆ ಮಗ್ಗದ ಮೇಲೆ ಅರ್ಧ ಸೀರೆ ನಿಂತರೆ ಅದು ಟ್ರಂಕಿಗೆ ಹೋಗುವಂತಿಲ್ಲ. ಅದು ಇಳಿಯುವವರೆಗೆ ಮಜೂರಿ ಇಲ್ಲ, ಇನ್ನೊಂದು ಸೀರೆ ಏರುವಂತಿಲ್ಲ. ನಮಗೆ ಕಲ್ಯಾಣದಿಂದ ತುಸು ದೂರದಲ್ಲಿರುವ ಭಿವಂಡಿಯ ವಿದ್ಯುತ್ ಮಗ್ಗಗಳ ಸದ್ದು ಗೊತ್ತು. ಅಲ್ಲಿಯಂತೂ ಯಂತ್ರವೇ ಮನುಷ್ಯನನ್ನು ಓಡಿಸುವದು. ಅರ್ಧಕ್ಕೆ ಬಿಡುವದೂ ಒಂದು ಬಗೆಯ ಅನುಕೂಲಸ್ಥರ ಚಟವೆಂದು ಇದರಿಂದ ನಮಗನಿಸಿತು, ತುಸು ನಾಚಿಕೆಯೂ ಆಯಿತು.

ಬೇಕೆಂದೇ ಮುಗಿಸದೆ ಉಳಿಸಿದವಳು ಒಬ್ಬಳಿದ್ದಾಳೆ. ಗ್ರೀಕರ ಹೋಮರನ ಕಾವ್ಯದಲ್ಲಿ ಪೆನೆಲೋಪಿ ಎಂಬ ರಾಣಿ, ಮಾವನ ಶವವಸ್ತ್ರ ನೇಯ್ದು ಮುಗಿದ ಮೇಲೆ ಮರುಮದುವೆಯಾಗುವೆನೆಂದು ಹೇಳಿ, ಹಗಲು ನೇಯ್ದದ್ದನ್ನು ಇರುಳು ಬಿಚ್ಚುತ್ತ ಮೂರು ವರ್ಷ ನೂಕಿದಳು. ನಮಗೆ ಅಂಥ ಕಾರಣವೇನೂ ಇರಲಿಲ್ಲ.

ಇರಲಿ. ಸ್ವೆಟರನ್ನು ನಾವು ಬಿಚ್ಚಿದೆವು. ಎರಡನೆಯ ತೋಳಿಗೆ ಉಣ್ಣೆ ತರೋಣವೆಂದರೆ ಅದೇ ನೀಲಿ ಎಲ್ಲಿ ಸಿಗಬೇಕು? ಒಂದೇ ಕಂಪನಿಯ ಒಂದೇ ನಂಬರಿನ ಬಣ್ಣವೂ ಬೇರೆ ಸಲ ಅದ್ದಿದ್ದಾದರೆ ಎದ್ದು ಕಾಣುವದು. ಆದ್ದರಿಂದ ಬೇಕಾದಷ್ಟು ಉಂಡೆಗಳನ್ನು ಒಮ್ಮೆಲೇ ತರಬೇಕೆಂದು ಬಲ್ಲವರು ಹೇಳುವದು ಸುಳ್ಳಲ್ಲ. ಬಿಚ್ಚಿದ ಎಳೆ ಸುರುಳಿ ಸುರುಳಿಯಾಗಿರುವದು. ಅದನ್ನು ಲಡಿ ಮಾಡಿ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕೆಳಗೆ ತುಸು ಭಾರ ಕಟ್ಟಿ ನೆರಳಲ್ಲಿ ತೂಗುಹಾಕಿದರೆ ಮರುದಿನ ನೆಟ್ಟಗಾಗುವದು. ಎರಡು ಕುಲಾವಿಗಳಾದವು, ಬೆಳಗಾವಿಗೆ ಹೋದವು.

ಕೌದಿ ಮುಗಿದದ್ದು ಮಾತ್ರ ಬೇರೆ ರೀತಿ. ಕೌದಿ ಒಬ್ಬರ ಕೆಲಸವೇ ಅಲ್ಲ. ಊರಲ್ಲಿ ನಾಲ್ವರು ನಾಲ್ಕು ಮಗ್ಗುಲಿಗೆ ಕೂತು, ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಪದರು ಪದರು ಹಾಸಿ ಟಾಕು ಹಾಕುತ್ತ ಊರ ಸುದ್ದಿಯನ್ನೂ ಹೊಲಿಯುವರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಹಿಡಿದು ಒಳಗೊಳಗೆ ಹೊಲಿಯುತ್ತ ನಡುವಿಗೆ ಬಂದು ಮುಗಿಸುವರು. ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫೂಲ’ ಇಡುವರು. ಹೂವಿಲ್ಲದಿದ್ದರೆ ಅವರಿಗೆ ಕೌದಿ ಬತ್ತಲೆ ಇದ್ದಂತೆ. ಡೊಂಬಿವಲಿಯ ಒಂದು ಕೋಣೆಯಲ್ಲಿ ಒಬ್ಬರೇ ಕೂತು ಕೌದಿ ಹೊಲಿಯಹೊರಟದ್ದೇ ನಮ್ಮ ತಪ್ಪು. ಕಟ್ಟಡದ ಇಬ್ಬರು ಮರಾಠಿ ಗೆಳತಿಯರನ್ನು ಕರೆದೆವು. ಅವರೂ ತಮ್ಮ ಅಜ್ಜಿಯರ ಗೋಧಡಿ ಹೊಲಿದವರೇ. ಮೂರು ಮಧ್ಯಾಹ್ನ, ಒಂದು ಡಬ್ಬಿ ಚುರಮುರಿ, ಕೌದಿ ಮುಗಿಯಿತು.

ಉಳಿದದ್ದು ಸೀರೆ. ಅತ್ತೆಯವರು ಅದನ್ನು ಹಿಡಿದದ್ದು ನಮ್ಮ ಮಗಳು ಇನ್ನೂ ಚಿಕ್ಕವಳಿದ್ದಾಗ, ಅವಳ ಲಗ್ನಕ್ಕೆಂದು. ಸೆರಗಿನ ಪಕ್ಕದ ಕರಿಯ ಒಡಲ ಮೇಲೆ ಹನ್ನೊಂದು ಗೋಪುರಗಳನ್ನು ಹಾಕುವ ಸಂಕಲ್ಪ. ಕಸೂತಿಗೆ ಮೊದಲು ಚಿತ್ರ ಬರೆದುಕೊಳ್ಳುವದಿಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವದು. ಗಂಟು ಹಾಕುವಂತಿಲ್ಲ. ಕರಿಯ ಬಟ್ಟೆಯ ಎಳೆಗಳು ದೀಪದ ಬೆಳಕಿಗೆ ಕಾಣವು. ಅವರು ಮಧ್ಯಾಹ್ನ ಗ್ಯಾಲರಿಯಲ್ಲಿ ಕೂತು ಹಾಕುತ್ತಿದ್ದರು. “ಹೊತ್ತಿಲ್ಲ ಅನಬ್ಯಾಡವಾ, ಹಾಲು ಉಕ್ಕೂದರಾಗ ನಾಲ್ಕು ಟಾಕು ಆಗತಾವ,” ಎಂದು ನಮಗೆ ಹೇಳುವರು. ಆಮೇಲೆ ಕಣ್ಣಿಗೆ ಪೊರೆ ಬಂತು, ಶಸ್ತ್ರಕ್ರಿಯೆಯ ದಿನ ಮುಂದೆ ಮುಂದೆ ಹೋಯಿತು. ಅದಕ್ಕೆ ಕಾರಣರು ನಾವೇ, ಒಂದು ಸಲ ಮಕ್ಕಳ ಪರೀಕ್ಷೆ, ಇನ್ನೊಂದು ಸಲ ಮಳೆಗಾಲ. ಅಷ್ಟರಲ್ಲಿ ಅವರೇ ಹೋದರು.

ನಾದಿನಿ ಕೋಪರಖೈರಣೆಯಲ್ಲಿದ್ದಾಳೆ. 2004 ರಲ್ಲಿ ಠಾಣೆ-ವಾಶಿ ಗಾಡಿ ಶುರುವಾದ ಮೇಲೆ ಆಕೆ ನಮಗೆ ನೆರೆಮನೆಯವಳಷ್ಟೇ ಹತ್ತಿರವಾದಳು. ರವಿವಾರ ಬಂದವಳ ಮುಂದೆ ಸೀರೆ ಬಿಚ್ಚಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ವೈನಿ, ಇದನ್ನ ಮುಟ್ಟಬ್ಯಾಡ್ರಿ. ಅವ್ವನ ಕೈ ಎಲ್ಲಿ ನಿಂತದ ಅಲ್ಲೇ ಇರಲಿ,” ಅಂದಳು. ಮಗಳು ಬಿಡಲಿಲ್ಲ: “ಅತ್ಯಾ, ಅಜ್ಜಿ ಇದನ್ನ ನಾ ಉಡಲಿ ಅಂತ ಹಾಕಿದ್ದು, ಟ್ರಂಕಿನ್ಯಾಗ ಇಡಲಿಕ್ಕಲ್ಲ.” ಇಬ್ಬರ ಮಾತೂ ನಮಗೆ ಸರಿ ಕಂಡಿತು. ಅಂದಿನ ಊಟ ಮೌನವಾಗಿಯೇ ಆಯಿತು.

ಊಟವಾದ ಮೇಲೆ ನಾದಿನಿಯೇ ಕನ್ನಡಕ ಹಾಕಿಕೊಂಡು ಸೀರೆಯನ್ನು ಬೆಳಕಿಗೆ ಹಿಡಿದಳು. ಕಸೂತಿಯಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ಮೊದಲ ಎರಡರಲ್ಲಿ ದಾರ ಒಂದು ಟಾಕು ಹಾಕಿ ಒಂದು ಬಿಟ್ಟು ಹೋಗುವದು, ತುದಿ ಮುಟ್ಟಿ ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬರುವದು. ಹಾಗೆಂದೇ ಎರಡೂ ಮಗ್ಗುಲು ಒಂದೇ ತರಹ ಕಾಣುವದು. ಯುರೋಪಿನಲ್ಲಿಯೂ ಇದೇ ಟಾಕು ಇದೆ. ಹಾನ್ಸ್ ಹೋಲ್ಬೈನ್ ಎಂಬ ಹದಿನಾರನೆಯ ಶತಮಾನದ ಚಿತ್ರಕಾರ ಬರೆದ ದೊಡ್ಡವರ ಕೊರಳಪಟ್ಟಿ, ತೋಳುಗಳ ಮೇಲೆ ಅದು ಕಂಡುಬರುವದರಿಂದ ಅಲ್ಲಿ ಅದಕ್ಕೆ ಅವನ ಹೆಸರೇ ನಿಂತಿದೆ. ಅತ್ತೆಯವರ ಏಳು ಗೋಪುರ ಪೂರ್ಣವಾಗಿದ್ದವು. ಎಂಟನೆಯದರಲ್ಲಿ ಟಾಕು-ಬಿಡುವು, ಟಾಕು-ಬಿಡುವು.

“ಅವ್ವ ಹೋಗ್ಯಾಳ, ತಿರುಗಿ ಬಂದಿಲ್ಲ,” ಎಂದಳು ನಾದಿನಿ. ಸ್ವಲ್ಪ ತಡೆದು, “ಎಳಿ ಹಿಂಗ ಬಿಟ್ಟರ ನಮಗ ಬೈತಿದ್ದಳು,” ಎಂದು ತಾನೇ ಸೂಜಿ ಕೇಳಿದಳು.

ಟ್ರಂಕಿನಲ್ಲಿದ್ದ ಹಳೆಯ ರೇಶಿಮೆ ದಾರ ಜೀರ್ಣವಾಗಿತ್ತು, ಎಳೆದಲ್ಲಿ ತುಂಡಾಯಿತು. ಕಲ್ಯಾಣದ ಪೇಟೆಯಲ್ಲಿ ಎರಡು ದಿನ ಅಲೆದು ಹತ್ತಿರದ ಬಣ್ಣ ತಂದೆವು, ಅದೇ ಬಣ್ಣವಲ್ಲ. ತುಕ್ಕಿನ ಕಲೆಗೆ ಲಿಂಬೆರಸ ಹಾಕಬೇಕೆಂದು ನೆರೆಯವರು ಹೇಳಿದರು. ರೇಶಿಮೆಯ ಹತ್ತಿರ ಆ ಸಾಹಸ ಬೇಡವೆಂದು ಬಿಟ್ಟೆವು. ಈಗ ಎಂಟನೆಯ ಗೋಪುರದಲ್ಲಿ ಒಂದು ಟಾಕು ಅತ್ತೆಯವರದು, ಅದರ ಮುಂದಿನದು ನಾದಿನಿಯದು, ಹೀಗೆ ತುದಿಯವರೆಗೆ. ಅವರ ಕೈ ಬಿಗಿ, ಇವಳದು ಸಡಿಲ. ಹತ್ತಿರ ಹಿಡಿದರೆ ತಿಳಿಯುವದು. ಮಗಳು ಎಳೆ ಎಣಿಸಿ ಹೇಳುವಳು, ಅವಳ ಕಣ್ಣು ಚುರುಕು, ನಾದಿನಿ ಹಾಕುವಳು, ನಮ್ಮದು ಹೊರಳಿಸಿ ಹಿಂಬದಿ ನೋಡುವ ಕೆಲಸ.

ಲಗ್ನ ವೈಶಾಖದಲ್ಲಿ. ಇನ್ನು ಮೂರು ಗೋಪುರ ಬಾಕಿ. ಬರುವ ರವಿವಾರದ ಅಡಿಗೆ ನಮ್ಮ ಯಜಮಾನರದೆಂದು ಗೊತ್ತುಮಾಡಿದ್ದೇವೆ. ಅವರು ಇನ್ನೂ ಒಪ್ಪಿಲ್ಲ.