ಹೇಮಾವತಿಯ ಹಿನ್ನೀರಿನಲ್ಲಿ ಒಂದು ಮಿಷನ್ ಹಳ್ಳಿ

ಹಾಸನದ ಕಡೆಯಿಂದ ಶೆಟ್ಟಿಹಳ್ಳಿಗೆ ಹೋದರೆ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ ಚಾವಣಿಯಿಲ್ಲದ ಚರ್ಚೊಂದು ನಿಮಗೆ ಕಾಣುತ್ತದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು ಇದು. ಇಂಥ ಮಿಷನ್ ಹಳ್ಳಿಗಳಲ್ಲಿ ಚರ್ಚಿನ ಮಗ್ಗುಲಲ್ಲೇ ಶಾಲೆ. ಗಂಟೆಯೇ ಊರಿನ ಗಡಿಯಾರ. ಪ್ರಾರ್ಥನೆ, ಪಾಠ, ಹೊಲದ ಕೆಲಸ ಎಲ್ಲವೂ ಅದರ ದನಿಗೆ ಹೊಂದಿಕೊಂಡು ನಡೆಯುತ್ತಿದ್ದುವು.

ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಊರು ಮುಳುಗಡೆಗೆ ಸೇರಿತು. ಒಕ್ಕಲುಗಳು ಬೇರೆಡೆ ನೆಲೆಸಿದರು. ಉಳಿದ ಗೋಡೆಗಳು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಗೆಯಲ್ಲಿ ಮೇಲೆ ಕಾಣುತ್ತವೆ. ಆ ನೀರೇ ನಾಲೆಗಳಲ್ಲಿ ಹರಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹೊಲಗದ್ದೆಗಳನ್ನು ತಣಿಸುತ್ತದೆ. ಆ ಬೆಳೆಯನ್ನು ಉಣ್ಣುವ ನಾವು, ಅದಕ್ಕಾಗಿ ಮನೆ, ಹೊಲ, ಚರ್ಚುಗಳನ್ನು ಬಿಟ್ಟುಕೊಟ್ಟವರನ್ನು ಮರೆಯಬಾರದು.