ಎರಡು ಯಂತ್ರಗಳಿಗೆ ಒಂದೇ ಆಟ: ಯಾವ ಕಪಾಟಿನಲ್ಲಿಡಬೇಕು?

ವಸ್ತುಗಳನ್ನು ಕೂಡಿಡುವುದು ಹವ್ಯಾಸ. ಕೂಡಿಟ್ಟುದನ್ನು ಕ್ರಮವರಿತು ವಿಂಗಡಿಸುವುದು ಶಾಸ್ತ್ರ. ಅಂಚೆಚೀಟಿ, ನಾಣ್ಯ, ಚಿಟ್ಟೆ, ಶಂಖ, ಯಾವುದರ ಸಂಗ್ರಹವೇ ಆಗಿರಲಿ, ಅದು ಒಂದು ಮಿತಿಯನ್ನು ದಾಟಿ ಬೆಳೆದೊಡನೆ ಯಾವುದನ್ನು ಯಾವುದರ ಜೊತೆಯಲ್ಲಿಡಬೇಕೆಂಬ ಪ್ರಶ್ನೆ ಏಳುತ್ತದೆ. ಬಹುಪಾಲು ವಸ್ತುಗಳ ವಿಷಯದಲ್ಲಿ ಉತ್ತರ ಸುಲಭ. ತೊಡಕು ಬರುವುದು ಎರಡು ಗುಂಪುಗಳ ಗಡಿಯ ಮೇಲೆ ನಿಂತ ವಸ್ತುಗಳಿಂದ. ಆದರೆ ನಮ್ಮ ವಿಂಗಡಣೆಯ ನಿಯಮ ಎಷ್ಟು ಗಟ್ಟಿಯಾದುದೆಂದು ಪರೀಕ್ಷೆಯಾಗುವುದೂ ಅವುಗಳಿಂದಲೇ.

ವಿಡಿಯೋ ಆಟಗಳು ಈಗ ಇಂಥ ಸಂಗ್ರಹಯೋಗ್ಯ ವಸ್ತುಗಳ ಸಾಲಿಗೆ ಸೇರಿವೆ. ಅಮೆರಿಕದ ರಾಚೆಸ್ಟರ್ ನಗರದ ಸ್ಟ್ರಾಂಗ್ ವಸ್ತುಸಂಗ್ರಹಾಲಯವು 2009ರಲ್ಲಿ ಇಲೆಕ್ಟ್ರಾನಿಕ್ ಆಟಗಳ ಇತಿಹಾಸಕ್ಕೆಂದೇ ಒಂದು ಕೇಂದ್ರವನ್ನು ತೆರೆಯಿತು. ಖಾಸಗಿ ಸಂಗ್ರಾಹಕರಂತೂ ಹಲವು ದೇಶಗಳಲ್ಲಿದ್ದಾರೆ. ಇವರು ಸಾಮಾನ್ಯವಾಗಿ ಆಟಗಳನ್ನು ಅವು ನಡೆಯುವ ಯಂತ್ರಕ್ಕೆ ಅನುಸಾರವಾಗಿ ವಿಂಗಡಿಸುತ್ತಾರೆ: ಒಂದು ಯಂತ್ರಕ್ಕೆ ಒಂದು ಕಪಾಟು. ಆದರೆ ಒಂದೇ ಆಟ ಹಳೆಯ ಯಂತ್ರದಲ್ಲಿಯೂ ಅದರ ಮುಂದಿನ ತಲೆಮಾರಿನ ಯಂತ್ರದಲ್ಲಿಯೂ ನಡೆಯುವುದಾದರೆ ಅದರ ಸ್ಥಾನವೆಲ್ಲಿ? ಇದು ಕಪಾಟಿನ ಅಂದಚೆಂದದ ಪ್ರಶ್ನೆಯಷ್ಟೇ ಅಲ್ಲ. ಸೂಚಿಯಲ್ಲಿ ತಪ್ಪಾಗಿ ಬರೆದಿಟ್ಟ ಆಟವನ್ನು ನಾಳೆಯ ಅಭ್ಯಾಸಿ ತಕ್ಕುದಲ್ಲದ ಯಂತ್ರದಲ್ಲಿ ಹಾಕಿ ನೋಡಿ, ಅರ್ಧವನ್ನೇ ಪೂರ್ಣವೆಂದು ತಿಳಿದಾನು. ಆಟದ ಒಂದು ಭಾಗವೇ ಇತಿಹಾಸದಿಂದ ಮರೆಯಾದೀತು.

ಬೂದು, ಕಪ್ಪು, ಪಾರದರ್ಶಕ

ಈ ಸಮಸ್ಯೆಗೆ ಅತ್ಯುತ್ತಮ ನಿದರ್ಶನ ಗೇಮ್ ಬಾಯ್ ಎಂಬ ಕೈಯಂತ್ರ. ಜಪಾನಿನ ನಿಂಟೆಂಡೊ ಸಂಸ್ಥೆಯು ಇದನ್ನು 1989ರ ಏಪ್ರಿಲ್ ತಿಂಗಳಲ್ಲಿ ಮಾರುಕಟ್ಟೆಗೆ ತಂದಿತು. ಗುನ್ಪೇ ಯೊಕೊಯಿ ಅವರ ನೇತೃತ್ವದ ತಂಡ ಇದನ್ನು ರೂಪಿಸಿತು. ಇದರ ತೆರೆಯಲ್ಲಿ ಅಡ್ಡಸಾಲಿಗೆ 160, ಕಂಬಸಾಲಿಗೆ 144 ಚುಕ್ಕೆಗಳು, ಪ್ರತಿ ಚುಕ್ಕೆಗೂ ನಾಲ್ಕೇ ಛಾಯೆಗಳು, ಬಣ್ಣವಿಲ್ಲ. ಆಟದ ಕ್ರಮವಿಧಿಯೆಲ್ಲವೂ ಕಾರ್ಟ್ರಿಜ್ ಎಂಬ ಚಪ್ಪಟೆಯಾದ ಪ್ಲಾಸ್ಟಿಕ್ ಕೋಶದೊಳಗಿನ ಚಿಪ್ಪಿನಲ್ಲಿ ಅಡಗಿರುತ್ತಿತ್ತು. ಈ ಕೋಶದ ಬಣ್ಣ ಸಾಮಾನ್ಯವಾಗಿ ಬೂದು.

1998ರಲ್ಲಿ ಇದರ ಉತ್ತರಾಧಿಕಾರಿಯಾದ ಗೇಮ್ ಬಾಯ್ ಕಲರ್ ಬಂದಿತು. ತೆರೆಯ ಅಳತೆ ಅಷ್ಟೇ. ಆದರೆ 32,768 ವರ್ಣಗಳಿಂದ ಬೇಕಾದುವನ್ನು ಆರಿಸಿಕೊಳ್ಳುವ ಸೌಲಭ್ಯ ಹೊಸತು. ಪ್ರೊಸೆಸರು ಹಳೆಯ ವೇಗದಲ್ಲಿಯೂ ಅದರ ಇಮ್ಮಡಿ ವೇಗದಲ್ಲಿಯೂ ಕೆಲಸಮಾಡಬಲ್ಲುದು. ಆಗ ಮೂರು ಬಗೆಯ ಕಾರ್ಟ್ರಿಜ್‌ಗಳು ಬಳಕೆಯಲ್ಲಿದ್ದವು. ಹಳೆಯ ಯಂತ್ರಕ್ಕೆಂದು ಮಾಡಿದುವು ಬೂದು. ಎರಡು ಯಂತ್ರಗಳಿಗೂ ಸಲ್ಲುವಂತೆ ಮಾಡಿದುವು ಕಪ್ಪು. ಹೊಸ ಯಂತ್ರಕ್ಕೆ ಮಾತ್ರ ಮೀಸಲಾದುವು ಪಾರದರ್ಶಕ.

ಕಪ್ಪು ಕಾರ್ಟ್ರಿಜ್‌ನ ಸ್ವಭಾವವನ್ನು ತಿಳಿಯಲು ನಮ್ಮ ದೂರದರ್ಶನವನ್ನು ನೆನೆಯಬಹುದು. 1982ರಲ್ಲಿ ಭಾರತದಲ್ಲಿ ವರ್ಣಪ್ರಸಾರ ಆರಂಭವಾದಾಗ ಮನೆಗಳಲ್ಲಿದ್ದ ಕಪ್ಪು-ಬಿಳುಪಿನ ಪೆಟ್ಟಿಗೆಗಳು ನಿಷ್ಪ್ರಯೋಜಕವಾಗಲಿಲ್ಲ. ಬೆಳಕಿನ ಏರಿಳಿತವನ್ನು ತಿಳಿಸುವ ಸಂಕೇತದೊಡನೆ ಬಣ್ಣವನ್ನು ತಿಳಿಸುವ ಸಂಕೇತವನ್ನು ಬೇರೆಯಾಗಿ ಸೇರಿಸಿ ಕಳುಹಿಸುತ್ತಿದ್ದರು. ಹಳೆಯ ಪೆಟ್ಟಿಗೆ ಮೊದಲನೆಯದನ್ನು ಮಾತ್ರ ಬಳಸಿಕೊಳ್ಳುತ್ತಿತ್ತು. ಹೊಸದು ಎರಡನ್ನೂ ಬಳಸಿಕೊಳ್ಳುತ್ತಿತ್ತು. ಕಪ್ಪು ಕಾರ್ಟ್ರಿಜ್ ಕೂಡ ಹಾಗೆಯೇ: ವಸ್ತು ಒಂದು, ಅದು ಕಾಣುವ ರೂಪ ಎರಡು.

ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ತನ್ನೊಳಗೆ ಕುಳಿತ ಆಟ ಯಾವ ಬಗೆಯದೆಂದು ಹೊಸ ಯಂತ್ರ ಹೇಗೆ ಅರಿಯುತ್ತದೆ? ಪ್ರತಿ ಕಾರ್ಟ್ರಿಜ್‌ನ ಮೆಮೊರಿಯಲ್ಲಿಯೂ ಆರಂಭದ ಬಳಿ ಒಂದು ತಲೆಬರಹವುಂಟು. ಅದರಲ್ಲಿ ಆಟದ ಹೆಸರಿಗೆ ಮೊದಲು 16 ಕೋಶಗಳನ್ನು ಮೀಸಲಿಟ್ಟಿದ್ದರು. ಹೊಸ ಯಂತ್ರ ಬಂದಾಗ ಅವುಗಳ ಪೈಕಿ ಕೊನೆಯ ಕೋಶವನ್ನು ಗುರುತಿನ ಚಿಹ್ನೆಗಾಗಿ ಬಿಡಿಸಿಕೊಂಡರು. ಇಂಗ್ಲಿಷ್ ಅಕ್ಷರಗಳಿಗೆ ಗಣಕದಲ್ಲಿ ಗೊತ್ತುಪಡಿಸಿರುವ ಸಂಖ್ಯೆಗಳೆಲ್ಲ 128ಕ್ಕಿಂತ ಕಡಿಮೆ. ಆದುದರಿಂದ ಹಳೆಯ ಆಟದ ಹೆಸರು ಆ ಕೊನೆಯ ಕೋಶದವರೆಗೆ ಚಾಚಿದ್ದರೂ ಅಲ್ಲಿ 128 ಅಥವಾ ಅದಕ್ಕೂ ದೊಡ್ಡ ಸಂಖ್ಯೆ ಇರುವ ಸಂಭವವಿಲ್ಲ. ಎರಡು ಯಂತ್ರಗಳಿಗೂ ಸಲ್ಲುವ ಆಟಕ್ಕೆ 128, ಹೊಸದಕ್ಕೆ ಮಾತ್ರ ಸಲ್ಲುವುದಕ್ಕೆ 192 ಎಂದು ಗೊತ್ತುಮಾಡಿದರು. ಹೊಸ ಯಂತ್ರ ಆ ಕೋಶವನ್ನು ಓದಿ, ಅಲ್ಲಿ ಇಂಥ ಗುರುತು ಕಂಡರೆ ವರ್ಣಸಾಮರ್ಥ್ಯವನ್ನು ಆಟಕ್ಕೆ ಒಪ್ಪಿಸುತ್ತದೆ. ಹಳೆಯ ಯಂತ್ರ ಆ ಗುರುತನ್ನು ಲೆಕ್ಕಿಸುವುದೇ ಇಲ್ಲ.

ಹಾಗಾದರೆ ಪಾರದರ್ಶಕ ಕಾರ್ಟ್ರಿಜ್ ಹಳೆಯ ಯಂತ್ರದಲ್ಲಿ ನಡೆಯದಂತೆ ತಡೆಯುವುದು ಯಾವುದು? ಮೊದಲನೆಯ ತಡೆ ಕೇವಲ ಪ್ಲಾಸ್ಟಿಕ್ಕಿನದು. ಬೂದು ಮತ್ತು ಕಪ್ಪು ಕೋಶಗಳ ಒಂದು ಮೂಲೆಯಲ್ಲಿ ಸಣ್ಣ ಕಚ್ಚು ಇದೆ. ಮೊದಲ ಗೇಮ್ ಬಾಯ್‌ನ ಗುಂಡಿಯನ್ನು ಸರಿಸಿದಾಗ ಅದರ ನಾಲಿಗೆ ಆ ಕಚ್ಚಿನೊಳಗೆ ಸೇರುತ್ತದೆ. ಪಾರದರ್ಶಕ ಕೋಶಕ್ಕೆ ಕಚ್ಚಿಲ್ಲ; ಗುಂಡಿ ಸರಿಯುವುದಿಲ್ಲ; ಯಂತ್ರ ಹೊತ್ತಿಕೊಳ್ಳುವುದಿಲ್ಲ. 1996ರಲ್ಲಿ ಬಂದ ಗೇಮ್ ಬಾಯ್ ಪಾಕೆಟ್‌ನಲ್ಲಿ ಈ ನಾಲಿಗೆ ಇರಲಿಲ್ಲ. ಅಲ್ಲಿ ಕ್ರಮವಿಧಿಯೇ, ಈ ಆಟ ಹೊಸ ಯಂತ್ರಕ್ಕೆ ಮಾತ್ರ ಮೀಸಲೆಂದು ತೆರೆಯ ಮೇಲೆ ತಿಳಿಸಿ ನಿಂತುಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೂದು ಕಾರ್ಟ್ರಿಜ್ ಸಹ ಹೊಸ ಯಂತ್ರದಲ್ಲಿ ನಡೆಯುತ್ತದೆ. ಅಷ್ಟೇ ಅಲ್ಲ, ಬಣ್ಣದಲ್ಲಿಯೇ ಕಾಣುತ್ತದೆ. ಆದರೆ ಆ ಬಣ್ಣ ಆಟದ್ದಲ್ಲ. ಯಂತ್ರ ತಾನಾಗಿ ಹಚ್ಚಿದುದು. ಹಿನ್ನೆಲೆಗೆ ನಾಲ್ಕು, ಚಲಿಸುವ ಚಿತ್ರಗಳಿಗೆ ಮೂರರಂತೆ ಎರಡು ತಂಡ, ಒಟ್ಟು ಹತ್ತಕ್ಕೆ ಮೀರದ ಬಣ್ಣಗಳನ್ನು ಅದು ಹಳೆಯ ಆಟಕ್ಕೆ ಹಂಚುತ್ತದೆ. ಆಟಕ್ಕೆ ಈ ಸಂಗತಿ ತಿಳಿಯದು. ಆದುದರಿಂದ 'ಎರಡು ತಲೆಮಾರುಗಳಲ್ಲಿ ನಡೆಯುತ್ತದೆ' ಎಂಬ ಒಂದೇ ಮಾತಿನಲ್ಲಿ ಎರಡು ಅರ್ಥಗಳಿವೆ. ಒಂದು, ಹೊಸ ಯಂತ್ರ ಹಳೆಯ ಆಟಕ್ಕೆ ತೋರುವ ಔದಾರ್ಯ; ಮತ್ತೊಂದು, ಆಟವೇ ಎರಡು ಯಂತ್ರಗಳನ್ನೂ ಅರಿತು ಸಿದ್ಧವಾಗಿ ಬಂದಿರುವುದು. ಇವನ್ನು ಬೆರೆಸಿದರೆ ವರ್ಗೀಕರಣ ಕೆಡುತ್ತದೆ.

ಹೊರಗಿನ ಲಕ್ಷಣಗಳು ಸಾಲವು

ಕೋಶದ ಬಣ್ಣವನ್ನೇ ನೋಡಿ ವಿಂಗಡಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಜಪಾನಿನಲ್ಲಿ 1999ರಲ್ಲಿ ಪ್ರಕಟವಾದ ಪೋಕೆಮಾನ್ ಆಟಗಳಾದ ಗೋಲ್ಡ್ ಮತ್ತು ಸಿಲ್ವರ್ ಎರಡು ಯಂತ್ರಗಳಿಗೂ ಸಲ್ಲುವಂಥವು. ಆದರೆ ಅವುಗಳ ಕೋಶಗಳು ಕಪ್ಪಲ್ಲ, ಹೆಸರಿಗೆ ತಕ್ಕಂತೆ ಚಿನ್ನದ ಮತ್ತು ಬೆಳ್ಳಿಯ ಬಣ್ಣದವು. ಅವುಗಳ ಅನುಜನಾದ ಕ್ರಿಸ್ಟಲ್ 2000ದಲ್ಲಿ ಬಂದಿತು. ಅದು ಹೊಸ ಯಂತ್ರಕ್ಕೆ ಮಾತ್ರ ಮೀಸಲು. ಒಂದೇ ಕುಟುಂಬದ ಆಟಗಳು ಎರಡು ಕಡೆಗೆ ಹಂಚಿಹೋದುವು!

ಹೆಸರನ್ನು ನಂಬಬಹುದೆ? ಅದೂ ಆಗದು. ಪೋಕೆಮಾನ್ ಯೆಲ್ಲೊ ಎಂಬ ಆಟದ 1998ರ ಜಪಾನಿ ಆವೃತ್ತಿಯಲ್ಲಿ ವರ್ಣಯಂತ್ರದ ಸಿದ್ಧತೆ ಇರಲಿಲ್ಲ. 1999ರ ಅಮೆರಿಕನ್ ಆವೃತ್ತಿಯಲ್ಲಿ ಇತ್ತು. ಇನ್ನು ಡಬ್ಬಿಯ ಮೇಲಿನ ಬರಹವೆ? ಕಪ್ಪು ಕಾರ್ಟ್ರಿಜ್‌ನ ಎಷ್ಟೋ ಡಬ್ಬಿಗಳ ಮೇಲೆ ಗೇಮ್ ಬಾಯ್ ಕಲರ್ ಎಂಬ ಹೆಸರೇ ಎದ್ದುಕಾಣುತ್ತದೆ. ಒಳಗಿನ ಕಾರ್ಟ್ರಿಜ್‌ನ ಚೀಟಿಯಲ್ಲಿರುವ ಕ್ರಮಾಂಕವಾದರೋ ಹಳೆಯ ಯಂತ್ರದ ಡಿಎಂಜಿ ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಸಿಜಿಬಿ ಎಂಬ ಹೊಸ ಅಕ್ಷರಗಳನ್ನು ಪಾರದರ್ಶಕ ಕೋಶಗಳಿಗೆ ಕೊಟ್ಟಿದ್ದಾರೆ. ಮಾರುವವನ ಕೈ ಒಂದು ಹೇಳಿದರೆ ಲೆಕ್ಕವಿಡುವವನ ಕೈ ಮತ್ತೊಂದು ಹೇಳುತ್ತದೆ. ಮಾರಾಟವಾದ ಯಂತ್ರಗಳ ಲೆಕ್ಕವನ್ನು ಕೊಡುವಾಗಲೂ ತಯಾರಕರು ಈ ಎರಡನ್ನೂ ಒಂದೇ ಸಾಲಿಗೆ ಸೇರಿಸಿ 11 ಕೋಟಿ 86 ಲಕ್ಷಕ್ಕೂ ಮೇಲೆಂದು ತಿಳಿಸಿರುವರು.

ಮೂರನೆಯ ಕಪಾಟು ಏಕೆ ಬೇಡ?

ಹಾಗಿದ್ದರೆ ಉಭಯಚರಗಳಿಗೆಂದು ಮೂರನೆಯ ಕಪಾಟನ್ನು ಮಾಡಬಾರದೆ? ಎರಡೇ ಯಂತ್ರಗಳಿದ್ದರೆ ಮಾಡಬಹುದಿತ್ತು. ಆದರೆ 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಮೂರನೆಯ ಯಂತ್ರ ಬಂದು, ಹಿಂದಿನ ಎರಡರ ಆಟಗಳನ್ನೂ ನಡೆಸತೊಡಗಿತು. ಅದೇ ವರ್ಷದ ಜೆಲ್ಡಾ ಮಾಲಿಕೆಯ ಒರಾಕಲ್ ಆಟಗಳು ಗೇಮ್ ಬಾಯ್ ಕಲರ್‌ಗೆ ಸೇರಿದವು. ಆದರೂ ಅವುಗಳೊಳಗಿನ ಒಂದು ಅಂಗಡಿ ಈ ಮೂರನೆಯ ಯಂತ್ರದಲ್ಲಿ ಮಾತ್ರ ಬಾಗಿಲು ತೆರೆಯುತ್ತದೆ. ಈಗ ಮತ್ತೊಂದು ಕಪಾಟು ಬೇಕಾಯಿತು. ಗಣಿತದ ವಿದ್ಯಾರ್ಥಿಗಳು ಬಲ್ಲಂತೆ, ಮೂರು ಯಂತ್ರಗಳನ್ನು ಬಗೆಬಗೆಯಾಗಿ ಕೂಡಿಸಿದರೆ 7 ಗುಂಪುಗಳಾಗುತ್ತವೆ, ನಾಲ್ಕಾದರೆ 15, ಐದಾದರೆ 31. ಅವೆಲ್ಲವೂ ಬಳಕೆಗೆ ಬಾರದಿರಬಹುದು. ಆದರೂ ಯಂತ್ರ ಒಂದು ಹೆಚ್ಚಿದಾಗಲೆಲ್ಲ ಕಪಾಟುಗಳು ಇಮ್ಮಡಿಯಾಗಲು ಹವಣಿಸುವ ಪದ್ಧತಿ ಬಹುಕಾಲ ಬಾಳದು.

ಗ್ರಂಥಾಲಯ ಶಾಸ್ತ್ರಜ್ಞರು ಇಂಥದೇ ತೊಡಕನ್ನು ಬಹಳ ಹಿಂದೆಯೇ ಎದುರಿಸಿದ್ದರು. ಒಂದು ಪುಸ್ತಕದ ವಿಷಯಕ್ಕೆ ಹಲವು ಮುಖಗಳಿರುತ್ತವೆ. ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ಗುರುತಿಸಿ, ಬಳಿಕ ಅವನ್ನು ಜೋಡಿಸಬೇಕು ಎಂಬ ತತ್ತ್ವವನ್ನು ಡಾ. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ತಮ್ಮ ಕೋಲನ್ ವರ್ಗೀಕರಣದಲ್ಲಿ ಬಳಕೆಗೆ ತಂದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನ ಕೇಂದ್ರದಲ್ಲಿ ಈ ವಿಚಾರ ಇನ್ನಷ್ಟು ಬೆಳೆಯಿತು. ಪುಸ್ತಕಕ್ಕೆ ಕಪಾಟಿನಲ್ಲಿ ಇರುವುದು ಒಂದೇ ಸ್ಥಳ. ಸೂಚಿಯಲ್ಲಿ ಅದರ ಹೆಸರನ್ನು ಎಷ್ಟು ಕಡೆ ಬೇಕಾದರೂ ಬರೆಯಬಹುದು. ಕಪಾಟಿನ ಪ್ರಶ್ನೆಯೇ ಬೇರೆ, ಸೂಚಿಯ ಪ್ರಶ್ನೆಯೇ ಬೇರೆ.

ಇದನ್ನು ಆಟಗಳಿಗೆ ಅನ್ವಯಿಸೋಣ. ಪ್ರತಿ ಆಟಕ್ಕೂ ಒಂದು ಕಾರ್ಡನ್ನು ಮಾಡಿ ಅದರಲ್ಲಿ ಈ ಸಂಗತಿಗಳನ್ನು ಬರೆಯಬೇಕು:

1. ಆವೃತ್ತಿಯ ಹೆಸರು, ದೇಶ, ವರ್ಷ.
2. ಆಟವು ನಡೆಯಲು ಬೇಕಾದ ಅತ್ಯಂತ ಹಳೆಯ ಯಂತ್ರ.
3. ಆಟದ ಸಕಲ ಭಾಗಗಳೂ ಪ್ರಕಟವಾಗುವ ಯಂತ್ರ.
4. ಈ ಎರಡರ ನಡುವೆ ಕಾಣುವ ವ್ಯತ್ಯಾಸ.
5. ಇದಕ್ಕೆ ಆಧಾರ: ಕಚ್ಚು, ಕ್ರಮಾಂಕ, ತಲೆಬರಹ, ಅಥವಾ ಆಡಿ ನೋಡಿದ ಅನುಭವ.

ಕಪಾಟಿನ ಸ್ಥಾನವನ್ನು ಎರಡನೆಯ ಸಂಗತಿ ನಿರ್ಧರಿಸಲಿ. ಏಕೆಂದರೆ ಕಪಾಟಿನ ಮುಂದೆ ನಿಂತವನ ಮೊದಲ ಪ್ರಶ್ನೆ, ಇದನ್ನು ನಡೆಸಲು ಏನು ಬೇಕು ಎಂಬುದು. ಒಂದು ಉದಾಹರಣೆ. ಜೆಲ್ಡಾ ಮಾಲಿಕೆಯ ಲಿಂಕ್ಸ್ ಅವೇಕನಿಂಗ್ ಎಂಬ ಆಟ 1993ರಲ್ಲಿ ಹಳೆಯ ಯಂತ್ರಕ್ಕೆ ಬಂದಿತು. ಅದರ ಡಿಎಕ್ಸ್ ಎಂಬ ಪರಿಷ್ಕೃತ ಆವೃತ್ತಿ 1998ರಲ್ಲಿ ಕಪ್ಪು ಕೋಶದಲ್ಲಿ ಹೊರಟಿತು. ಇವೆರಡೂ ಬೇರೆಬೇರೆ ಕಾರ್ಡುಗಳು. ಡಿಎಕ್ಸ್‌ನ ಕಾರ್ಡಿನಲ್ಲಿ ಎರಡನೆಯ ಸಾಲು ಗೇಮ್ ಬಾಯ್, ಮೂರನೆಯದು ಗೇಮ್ ಬಾಯ್ ಕಲರ್. ನಾಲ್ಕನೆಯದರಲ್ಲಿ, ಬಣ್ಣಗಳನ್ನೇ ಸುಳಿವಾಗಿ ಉಳ್ಳ ಒಂದು ನೆಲಮಾಳಿಗೆ ಹೊಸ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ ಎಂಬ ಟಿಪ್ಪಣಿ. ಆ ಒಂದು ಸಾಲಿಲ್ಲದಿದ್ದರೆ ಹಳೆಯ ಯಂತ್ರದಲ್ಲಿ ಆಡಿದವನಿಗೆ ಅಂಥ ನೆಲಮಾಳಿಗೆ ಇದೆಯೆಂಬುದೇ ತಿಳಿಯದು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಚಿತ್ರಕಾರರು ಬಣ್ಣಕ್ಕೆಂದೇ ಬರೆದ ಆಟವನ್ನು ಬಣ್ಣವಿಲ್ಲದ ಯಂತ್ರದ ಕಪಾಟಿನಲ್ಲಿಡುವುದು ಅದಕ್ಕೆ ಅನ್ಯಾಯವಲ್ಲವೆ? ಆಕ್ಷೇಪಣೆ ನ್ಯಾಯವಾದುದೇ. ಮೂರನೆಯ ಸಾಲನ್ನು ಬರೆಯುವುದು ಅದಕ್ಕಾಗಿಯೇ. ಆ ಸಾಲನ್ನು ಬರೆಯದೆ ಬಿಟ್ಟ ಸಂಗ್ರಾಹಕನು ಯಾವ ಕಪಾಟನ್ನು ಆರಿಸಿದರೂ ತಪ್ಪೇ. ಬರೆದವನು ಯಾವುದನ್ನು ಆರಿಸಿದರೂ ಹೆಚ್ಚಿನ ಹಾನಿಯಿಲ್ಲ.

ಮುಂದಿನ ದಿನಗಳು

ಈ ಕ್ರಮದ ಅಗತ್ಯ ಇಂದು ಇನ್ನೂ ಹೆಚ್ಚಾಗಿದೆ. 2020ರಲ್ಲಿ ಹೊರಬಂದ ಎಕ್ಸ್‌ಬಾಕ್ಸ್ ಯಂತ್ರಗಳ ಎಷ್ಟೋ ಆಟಗಳು ಹಿಂದಿನ ತಲೆಮಾರಿನ ಯಂತ್ರಕ್ಕೂ ಹೊಸದಕ್ಕೂ ಸಲ್ಲುತ್ತವೆ; ಯಂತ್ರಕ್ಕೆ ತಕ್ಕ ರೂಪ ಅಂತರಜಾಲದ ಮೂಲಕ ಬಂದು ಸೇರುತ್ತದೆ. ಕಪ್ಪು ಕಾರ್ಟ್ರಿಜ್ ತನ್ನ ಎರಡು ರೂಪಗಳನ್ನೂ ತನ್ನೊಳಗೇ ಹೊತ್ತಿತ್ತು. ಇಂದಿನ ತಟ್ಟೆಯಲ್ಲಿ ಕೆಲವು ಸಲ ಒಂದು ರೂಪ ಮಾತ್ರ ಇರುತ್ತದೆ. ಅಂತರಜಾಲದ ಅಂಗಡಿಗಳು ಶಾಶ್ವತವಲ್ಲ. ವೀ ಯು ಮತ್ತು 3ಡಿಎಸ್ ಯಂತ್ರಗಳಿಗೆ ನಿಂಟೆಂಡೊ ನಡೆಸುತ್ತಿದ್ದ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್ ತಿಂಗಳಲ್ಲಿ ನಿಂತುಹೋಯಿತು. ಆದುದರಿಂದ ಇಂದಿನ ಆಟದ ಕಾರ್ಡಿನಲ್ಲಿ ಆರನೆಯ ಸಾಲೊಂದು ಬೇಕು: ಯಾವ ಭಾಗ ವಸ್ತುವಿನೊಳಗೇ ಇದೆ, ಯಾವ ಭಾಗ ಹೊರಗಿನಿಂದ ಬರಬೇಕು?

ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಣ್ಯವನ್ನೋ ಎಲೆಯನ್ನೋ ಆಟವನ್ನೋ ಸಂಗ್ರಹಿಸುತ್ತಿದ್ದರೆ, ಗಡಿಯ ಮೇಲೆ ನಿಂತ ಒಂದು ವಸ್ತುವನ್ನು ತೆಗೆದುಕೊಂಡು ಅದಕ್ಕೆ ಇಂಥ ಒಂದು ಕಾರ್ಡನ್ನು ಬರೆದು ನೋಡಲಿ. ಅದು ಎಲ್ಲಿ ಸೇರಬೇಕೆಂದು ವಾದಿಸುವುದಕ್ಕಿಂತ, ಅದರಲ್ಲಿ ಏನೇನಿದೆ ಎಂದು ತಾಳ್ಮೆಯಿಂದ ಬರೆದಿಡುವುದು ಮುಂದೆ ಬರುವವರಿಗೆ ಹೆಚ್ಚು ಉಪಕಾರಿ.